ನಾವು ಬಂದಾಗ ಇಲ್ಲಿ ಏನೂ ಇರಲಿಲ್ಲ

ನಮ್ಮಪ್ಪನ ಬಾಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಮನೆಗೆ ಬಂದ ನೆಂಟರು ಕಾಫಿ ಲೋಟ ಕೆಳಗಿಟ್ಟು ‘ಒಳ್ಳೆ ಜಾಗದಲ್ಲಿ ಮನೆ ಕಟ್ಟಿಸಿದೀರ ಬಿಡಿ’ ಅಂದರೆ ಸಾಕು, ಅಪ್ಪ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಸರಿಯುತ್ತಾರೆ. ‘ಈಗ ನೋಡಿ ಹಾಗಂತೀರ. ನಾವು ಬಂದಾಗ ಇಲ್ಲಿ ಏನೂ ಇರಲಿಲ್ಲ.’ ಆಮೇಲೆ ಕತೆ ಶುರು. ಬಸ್ಸು ಇಳಿದು ಮಣ್ಣಿನ ದಾರಿಯಲ್ಲಿ ಅರ್ಧ ಗಂಟೆ ನಡೆಯಬೇಕಿತ್ತು. ರಾತ್ರಿ ನರಿ ಊಳಿಡುತ್ತಿದ್ದವು. ಬಚ್ಚಲಿಗೆ ಹಾವು ಬಂದಿತ್ತು. 1989ರಲ್ಲಿ ಪಾಯ ತೆಗೆದಾಗ ಈಶಾನ್ಯದ ಮೂಲೆಯಲ್ಲಿ ನೀರು ಜಿನುಗಿ ಜಿನುಗಿ ನಿಲ್ಲುತ್ತಿತ್ತು. ಮೇಸ್ತ್ರಿ ಎರಡು ಸಲ ಖಾಲಿ ಮಾಡಿಸಿದ, ಮೂರನೆಯ ಸಲ ತಲೆ ಮೇಲೆ ಕೈ ಹೊತ್ತು ಕೂತ. ಕೊನೆಗೆ ಒಂದು ಲಾರಿ ದಪ್ಪ ಕಲ್ಲು ಹೆಚ್ಚಿಗೆ ಸುರಿಸಿ ಪಾಯ ಮೇಲೆತ್ತಿದ್ದಾಯಿತು. ಆ ಲಾರಿ ಕಲ್ಲಿಗೆ ಕೊಟ್ಟ ದುಡ್ಡಿನ ವಿಷಯ ಬಂದಾಗ ಅಪ್ಪನ ದನಿ ಇವತ್ತಿಗೂ ಸ್ವಲ್ಪ ಏರುತ್ತದೆ.

ಈ ಕತೆಯಲ್ಲಿ ಸುಳ್ಳಿಲ್ಲ. ಅಪ್ಪ ಸುಳ್ಳು ಹೇಳುವವರೂ ಅಲ್ಲ. ಆದರೂ ಕೆಲವು ವರ್ಷಗಳಿಂದ ಆ ಮೊದಲ ವಾಕ್ಯ ನನಗೆ ಎಲ್ಲೋ ಚುಚ್ಚುತ್ತದೆ. ಪ್ರಾಮಾಣಿಕ ಮನುಷ್ಯನೊಬ್ಬ ಮನಸಾರೆ ಹೇಳುವ ಮಾತು ನಿಜವಲ್ಲದೇ ಇರುವುದು ಹೇಗೆ, ಮತ್ತು ಅದು ನಿಜವಲ್ಲ ಎಂದು ಗೊತ್ತಾದ ಮೇಲೆ ಅವನ ಮಗನಾದ ನಾನು ಏನು ಮಾಡಬೇಕು? ಈ ಬರಹ ಅದರ ಬಗ್ಗೆ.

ನಮ್ಮ ಬಡಾವಣೆಯ ಹೆಸರನ್ನೇ ತೆಗೆದುಕೊಳ್ಳಿ. ಬಿಟಿಎಂ. ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಊರುಗಳನ್ನು ಮೂರು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿ, ಅದರ ಮುಂದೆ ಫಸ್ಟ್ ಸ್ಟೇಜ್, ಸೆಕೆಂಡ್ ಸ್ಟೇಜ್ ಎಂದು ಸೇರಿಸಿದ್ದೇವೆ. ‘ಏನೂ ಇಲ್ಲದ’ ಜಾಗಕ್ಕೆ ಇದ್ದ ಊರುಗಳ ಹೆಸರೇ ಇಡಬೇಕಾಯಿತು. ಮಡಿವಾಳದ ಸೋಮೇಶ್ವರ ದೇವಸ್ಥಾನದ ಗೋಡೆಯ ಮೇಲೆ ತಮಿಳು ಶಾಸನಗಳಿವೆ. ಅದರಲ್ಲೊಂದು 1247ರದ್ದು, ಬೇಗೂರಿನವನೊಬ್ಬ ಭೂಮಿ ದಾನ ಕೊಟ್ಟದ್ದನ್ನು ಹೇಳುತ್ತದೆ. ಅಂದರೆ ನಮ್ಮ ಮನೆಗೆ ಪಾಯ ತೆಗೆಯುವ ಏಳುನೂರು ವರ್ಷ ಮೊದಲೇ ಇಲ್ಲಿ ಹೊಲ ಗದ್ದೆಗಳು ಕೈಯಿಂದ ಕೈಗೆ ದಾಟುತ್ತಿದ್ದವು, ಯಾರು ಯಾರಿಗೆ ಕೊಟ್ಟರು ಎಂದು ಕಲ್ಲಿನಲ್ಲಿ ಬರೆದಿಡುವಷ್ಟು ಬೆಲೆಯೂ ಇತ್ತು.

ಇದೇ ವಾಕ್ಯವನ್ನು ದೊಡ್ಡ ಪ್ರಮಾಣದಲ್ಲಿ ಹೇಳಿದ ದೇಶ ಅಮೆರಿಕ. 1890ರ ಜನಗಣತಿಯವರು ಪಶ್ಚಿಮದ ಕಡೆ ಇನ್ನು ವಲಸೆಯ ಗಡಿರೇಖೆ ಎಂದು ಎಳೆಯುವಂಥದ್ದು ಉಳಿದಿಲ್ಲ ಎಂದರು. ಮೂರು ವರ್ಷದ ಮೇಲೆ, 1893ರಲ್ಲಿ, ಫ್ರೆಡರಿಕ್ ಜಾಕ್ಸನ್ ಟರ್ನರ್ ಎಂಬ ತರುಣ ಇತಿಹಾಸಕಾರ ಶಿಕಾಗೋದಲ್ಲಿ ಒಂದು ಪ್ರಬಂಧ ಓದಿದ. ಅಮೆರಿಕದವರ ಸ್ವಭಾವ ರೂಪುಗೊಂಡದ್ದೇ ಆ ಗಡಿಯಲ್ಲಿ, ಯಾರದೂ ಅಲ್ಲದ ನೆಲ ಮುಂದೆ ಮುಂದೆ ಸಿಗುತ್ತಾ ಹೋದದ್ದರಿಂದ, ಎನ್ನುವುದು ಅವನ ವಾದ. ಆ ನೆಲದಲ್ಲಿ ಸಾವಿರಾರು ವರ್ಷದಿಂದ ಇದ್ದ ಜನರು ಅವನ ವಾದದೊಳಗೆ ಹೆಚ್ಚುಕಮ್ಮಿ ಹವಾಮಾನದ ಹಾಗೆ, ಎದುರಿಸಿ ದಾಟಬೇಕಾದ ತೊಂದರೆಯ ಹಾಗೆ ಬರುತ್ತಾರೆ. ಟರ್ನರ್ ಕೂಡ ಸುಳ್ಳುಗಾರನಲ್ಲ. ಗಡಿಯಲ್ಲಿ ಕಾಡು ಕಡಿದು ಮನೆ ಕಟ್ಟಿದವರ ಕಷ್ಟ ಅವನಿಗೆ ನಿಜವಾಗಿ ಕಂಡಿತ್ತು. ಆ ಕಷ್ಟ ಎಷ್ಟು ದೊಡ್ಡದಾಗಿ ಕಂಡಿತೆಂದರೆ ಅದರ ಹಿಂದೆ ನಿಂತಿದ್ದವರು ಮರೆಯಾಗಿಬಿಟ್ಟರು.

ಆ ಗಡಿಯ ಕತೆಗಳಲ್ಲಿ ನನ್ನನ್ನು ಬಿಡದೆ ಕಾಡಿದವನು ಯಾರ್ಕ್ ಎಂಬ ಗುಲಾಮ. 1804ರಿಂದ 1806ರವರೆಗೆ ಲೂಯಿಸ್ ಮತ್ತು ಕ್ಲಾರ್ಕ್ ಪಶ್ಚಿಮ ಸಮುದ್ರದ ತನಕ ಹೋಗಿ ಬಂದರಲ್ಲ, ಆ ತಂಡದಲ್ಲಿ ಕ್ಲಾರ್ಕನ ಸ್ವತ್ತಾಗಿ ಇದ್ದವನು. ದೋಣಿ ಎಳೆದ, ಬೇಟೆಯಾಡಿದ, ಕಾಯಿಲೆ ಬಿದ್ದವರನ್ನು ನೋಡಿಕೊಂಡ. 1805ರ ನವೆಂಬರ್‌ನಲ್ಲಿ ಕೊಲಂಬಿಯಾ ನದಿ ಸಮುದ್ರ ಸೇರುವ ಕಡೆ ಚಳಿಗಾಲಕ್ಕೆ ಬಿಡಾರ ಎಲ್ಲಿ ಹೂಡುವುದು ಎಂದು ತಂಡದ ಒಬ್ಬೊಬ್ಬರ ಅಭಿಪ್ರಾಯ ಕೇಳಿ ಬರೆದುಕೊಂಡರು. ಯಾರ್ಕನನ್ನೂ ಕೇಳಿದರು, ಶೋಶೋನಿ ಹೆಣ್ಣುಮಗಳು ಸಕಾಗವಿಯಳನ್ನೂ ಕೇಳಿದರು. ಊರಿಗೆ ವಾಪಸಾದ ಮೇಲೆ ಉಳಿದವರಿಗೆ ಎರಡು ಪಟ್ಟು ಸಂಬಳ, ಮೇಲೆ ಭೂಮಿ. ಯಾರ್ಕನಿಗೆ ಏನೂ ಇಲ್ಲ. ಹೆಂಡತಿ ಇದ್ದ ಲೂಯಿವಿಲ್ ಊರಲ್ಲೇ ಇರಲು ಬಿಡಿ ಎಂದು ಅವನು ಕೇಳಿಕೊಂಡದ್ದಕ್ಕೆ ಕ್ಲಾರ್ಕ್ ಸಿಡಿಮಿಡಿಗೊಂಡು ತನ್ನ ಅಣ್ಣನಿಗೆ ಬರೆದ ಪತ್ರಗಳು ಸಿಕ್ಕಿವೆ. 2001ರಲ್ಲಿ ಅಧ್ಯಕ್ಷ ಕ್ಲಿಂಟನ್ ಯಾರ್ಕನಿಗೆ ಸೇನೆಯ ಗೌರವ ಸಾರ್ಜೆಂಟ್ ಪದವಿ ಕೊಟ್ಟರು. ಸುಮಾರು ಇನ್ನೂರು ವರ್ಷದ ನಂತರ, ಸತ್ತವನಿಗೆ. ಆ ಪದವಿಯಿಂದ ಯಾರ ಸಾಲ ತೀರಿತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಯಾರ್ಕನದಂತೂ ಅಲ್ಲ.

ಯಾರ್ಕನ ಕತೆ ಓದಿದ ಮೇಲೆ ನನಗೆ ನಮ್ಮ ಮನೆಯ ಸುತ್ತಮುತ್ತ ಇಂಥವರು ಯಾರಿದ್ದರು ನೋಡೋಣ ಅನ್ನಿಸಿತು. ಹೆಚ್ಚು ದೂರ ಹೋಗಬೇಕಾಗಲಿಲ್ಲ. ಇವತ್ತು ಬೆಂಗಳೂರಿನ ದಕ್ಷಿಣಕ್ಕೆ ಮೈಚಾಚಿಕೊಂಡಿರುವ ಈ ನೆಲ ಸಾವಿರದ ನೂರು ವರ್ಷದ ಹಿಂದೆ ಗಂಗರ ಕೈಯಲ್ಲಿತ್ತು. ಪಕ್ಕದಲ್ಲೇ ನೊಳಂಬರು, ಬಾಣರು. ಯಾರ ಸೀಮೆ ಎಲ್ಲಿ ಮುಗಿಯುತ್ತದೆ ಎನ್ನುವುದು ಕಾಳಗದಿಂದ ಕಾಳಗಕ್ಕೆ ಬದಲಾಗುತ್ತಿದ್ದ ಕಾಲ. ಕಾಳಗ ಇದ್ದಲ್ಲೆಲ್ಲ ವೀರಗಲ್ಲು.

ಬೊಮ್ಮನಹಳ್ಳಿ ದಾಟಿ ಬೇಗೂರಿಗೆ ಹೋದರೆ ನಾಗೇಶ್ವರ ದೇವಸ್ಥಾನದಲ್ಲಿ ಒಂದು ಕಲ್ಲಿದೆ. ಸುಮಾರು 890ರದ್ದು ಎನ್ನುತ್ತಾರೆ. ಬೆಂಗಳೂರು ಎಂಬ ಹೆಸರು ಮೊದಲ ಸಲ ಕಾಣುವುದು ಅದರಲ್ಲಿ, ಅದೂ ಒಂದು ಕಾಳಗದ ಜಾಗವಾಗಿ. ನಾಗತ್ತರ ಎಂಬ ಗಂಗರ ಅಧಿಕಾರಿಯ ಮನೆಗೆ ಸೇರಿದ ಪೆರ್ವೊಣಸೆಟ್ಟಿ, ನಾಗತ್ತರನ ಮಗ ಬುಟ್ಟಣಸೆಟ್ಟಿ ಎಂಬ ಹೆಸರುಗಳು ಅಲ್ಲಿವೆ. ಕಲ್ಲು ಅಷ್ಟೇ ಹೇಳುತ್ತದೆ, ಬೆರಳೆಣಿಕೆಯ ಸಾಲುಗಳಲ್ಲಿ. ಕೆಂಪೇಗೌಡರು 1537ರಲ್ಲಿ ಊರು ಕಟ್ಟಿದರು ಎಂದು ಶಾಲೆಯಲ್ಲಿ ಕಲಿತ ನಮಗೆ, ಅದಕ್ಕೂ ಆರುನೂರೈವತ್ತು ವರ್ಷ ಮೊದಲು ಈ ಊರಿಗಾಗಿ ಸತ್ತವರ ಹೆಸರು ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಪ್ರತಿ ವರ್ಷ ಒಂದು ಸಲ ಆ ದೇವಸ್ಥಾನಕ್ಕೆ ಹೋಗಿ ಮಂಗಳಾರತಿ ತೆಗೆದುಕೊಂಡು, ಕಲ್ಲಿನ ಪಕ್ಕದಲ್ಲೇ ಚಪ್ಪಲಿ ಮೆಟ್ಟಿ ಬರುತ್ತಿದ್ದವನು ನಾನು.

ಆ ನಾಗತ್ತರನ ಸಾವಿಗೂ ಒಂದು ಕಲ್ಲಿದೆ. ಅದು ಬೇಗೂರಿನದೇ, ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಬಿದ್ದ ಆಳುಗಳು ಎಲ್ಲ ಕಿಕ್ಕಿರಿದು ಕೆತ್ತಿದ ದೊಡ್ಡ ಕಲ್ಲು. ಗಂಗರ ಎರೆಯಪ್ಪ, ಬೀರಮಹೇಂದ್ರನ ಮೇಲೆ ಕಾದುತ್ತಿದ್ದ ಅಯ್ಯಪದೇವನ ನೆರವಿಗೆ ನಾಗತ್ತರನನ್ನು ಕಳಿಸುತ್ತಾನೆ. ತುಂಬೆಪಾಡಿ ಎಂಬಲ್ಲಿ ಕಾಳಗ. ಆನೆಗಳ ನಡುವೆ ನುಗ್ಗಿ ಕಾದಾಡಿ ನಾಗತ್ತರ ಸಾಯುತ್ತಾನೆ. ಸುದ್ದಿ ಕೇಳಿದ ಎರೆಯಪ್ಪ ಇರುಗನೆಂಬವನಿಗೆ ನಾಗತ್ತರನ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡನ್ನು, ಅಂದರೆ ಬೇಗೂರೂ ಸೇರಿದ ಹನ್ನೆರಡು ಹಳ್ಳಿಗಳನ್ನು ಕಲ್ನಾಡಾಗಿ ಕೊಡುತ್ತಾನೆ. ಹಳ್ಳಿಗಳ ಹೆಸರನ್ನೆಲ್ಲ ಒಂದೊಂದಾಗಿ ಬರೆಸಿದ್ದಾನೆ.

ನಮ್ಮ ಹಳೆಗನ್ನಡದಲ್ಲಿ ಇದಕ್ಕೆ ಒಂದು ಮಾತಿತ್ತು, ಜೋಳದ ಪಾಳಿ. ಒಡೆಯ ಹಾಕಿದ ಜೋಳ ತಿಂದವನು, ಸಮಯ ಬಂದಾಗ ಪ್ರಾಣ ಕೊಟ್ಟು ಆ ಋಣ ತೀರಿಸಬೇಕು. ಬಂಟ ಪ್ರಾಣ ಕೊಟ್ಟ, ಒಡೆಯ ಹಳ್ಳಿ ಕೊಟ್ಟ, ಕಲ್ಲು ನಿಂತಿತು. ವೀರಗಲ್ಲನ್ನು ನಾನು ಈಗ ಒಂದು ಬಗೆಯ ರಸೀದಿಯ ಹಾಗೆ ಓದುತ್ತೇನೆ. ಇಬ್ಬರ ನಡುವಿನ ಲೆಕ್ಕ ಚುಕ್ತಾ ಆಯಿತು ಎಂದು ಊರಿಗೆಲ್ಲ ಕಾಣುವಂತೆ ನೆಟ್ಟ ರಸೀದಿ. ಆ ಹನ್ನೆರಡು ಹಳ್ಳಿಯ ಒಕ್ಕಲುಗಳನ್ನು ಮಾತ್ರ ಯಾರೂ ಕೇಳಿದ ಹಾಗಿಲ್ಲ.

ಇಷ್ಟೇ ಆಗಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ. ಕಾಳಗದಲ್ಲಿ ಸತ್ತವರಿಗೆ ಕಲ್ಲು ನೆಡುವುದು ಲೋಕಾರೂಢಿ. ನನ್ನನ್ನು ನಿಲ್ಲಿಸಿದ್ದು ನಮ್ಮ ಮನೆಯಿಂದ ಇನ್ನೊಂದು ದಿಕ್ಕಿನಲ್ಲಿರುವ ಅಗರದ ಶಾಸನ. ಈಗಿನ ಎಚ್‌ಎಸ್‌ಆರ್ ಲೇಔಟಿನ ಮಗ್ಗುಲಿನ ಅಗರ, ಹೊರವರ್ತುಲ ರಸ್ತೆಯಲ್ಲಿ ಸಿಗ್ನಲ್ಲಿಗೆ ಕಾದು ಕಾದು ಎಲ್ಲರೂ ಶಪಿಸುವ ಅದೇ ಅಗರ. ಅದೂ ಗಂಗರ ಕಾಲದ್ದೇ, ಸುಮಾರು 870ರದ್ದು, ಅದರಲ್ಲೂ ನಾಗತ್ತರನ ಹೆಸರಿದೆ. ಬೆಂಗಳೂರಲ್ಲೇ ಹುಟ್ಟಿದ ಬಿ. ಎಲ್. ರೈಸ್ 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟವಾಗಿ ಅಚ್ಚು ಹಾಕಿಸಿದಾಗ ಅದೂ ಸೇರಿತು. ಇರುಗಮಯ್ಯ, ಸಿರಿಮಯ್ಯ ಎಂಬ ತಂದೆಮಗನ ಹೆಸರು ಅಲ್ಲಿದೆ (ಬೇಗೂರಿನ ಇರುಗ ಬೇರೆ, ಇವರು ಬೇರೆ). ಈ ಮನೆಯವರು ಯಾರನ್ನೂ ಕೊಲ್ಲಲಿಲ್ಲ, ಯಾರ ಕೈಯಲ್ಲೂ ಸಾಯಲಿಲ್ಲ. ಅವರು ಮಾಡಿದ್ದು ಇಷ್ಟು: ಎರಡು ಕೆರೆಗೆ ತೂಬು ಇರಿಸಿದರು, ಮೂಡಣ ದಿಕ್ಕಿಗೆ ಇನ್ನೊಂದು ಕೆರೆ ಕಟ್ಟಿಸಿದರು. ಅದಕ್ಕಾಗಿ ಆ ಕೆರೆಗಳ ಬಿತ್ತುವಟ್ಟ ಪಡೆದರು.

ಬಿತ್ತುವಟ್ಟ ಎಂದರೆ ಕೆರೆ ಕಟ್ಟಿಸಿದವನಿಗೆ, ಅದನ್ನು ನೋಡಿಕೊಳ್ಳುವವನಿಗೆ, ಆ ಕೆರೆಯ ನೀರುಣ್ಣುವ ಗದ್ದೆಯಲ್ಲಿ ಬಿಟ್ಟುಕೊಟ್ಟ ಪಾಲು. ಮುಂದಿನ ಕಾಲದ ಶಾಸನಗಳಲ್ಲಿ ಇದೇ ಬಗೆಯದು ಕಟ್ಟುಕೊಡಗೆ ಎಂದು ಬರುತ್ತದೆ. ಮೇಲುನೋಟಕ್ಕೆ ಇದೂ ಕಲ್ನಾಡಿನ ಹಾಗೆಯೇ, ಮಾಡಿದ ಕೆಲಸಕ್ಕೆ ಸಿಕ್ಕ ಭೂಮಿ. ಆದರೆ ಒಂದು ಸೂಕ್ಷ್ಮ ಇದೆ. ಸತ್ತ ಬಂಟನ ಲೆಕ್ಕ ಅವನ ಸಾವಿನೊಂದಿಗೆ ಮುಗಿಯಿತು. ಕೆರೆಯ ಲೆಕ್ಕ ಮುಗಿಯುವಂಥದ್ದಲ್ಲ. ಕೆರೆ ಅನ್ನುವುದು ಕಟ್ಟಿ ಕೈತೊಳೆದುಕೊಳ್ಳುವ ವಸ್ತುವಲ್ಲ ಎಂದು ಹಳ್ಳಿಯಲ್ಲಿ ಬೆಳೆದವರಿಗೆ ಹೇಳಬೇಕಿಲ್ಲ. ಮಳೆ ಬಂದಾಗಲೆಲ್ಲ ಹೂಳು ಬಂದು ಕೂರುತ್ತದೆ. ಏರಿಯ ಮೇಲೆ ಬೇರು ಬಿಟ್ಟ ಗಿಡ ಕೀಳದಿದ್ದರೆ ಏರಿ ಬಿರುಕು ಬಿಡುತ್ತದೆ. ಕೋಡಿ ಕಟ್ಟಿಕೊಂಡರೆ ನೀರು ಏರಿಯ ಮೇಲೆ ಹರಿದು ಕೆಳಗಿನ ಊರು ಕೊಚ್ಚಿಹೋಗುತ್ತದೆ. ವರ್ಷವರ್ಷವೂ ಯಾರಾದರೂ ಬುಟ್ಟಿ ಹೊರಬೇಕು. ಬಿತ್ತುವಟ್ಟ ಸಂದುಹೋದ ಕೆಲಸದ ಇನಾಮು ಮಾತ್ರವಲ್ಲ, ಇನ್ನು ಮುಂದೆ ಮಾಡಬೇಕಾದ ಕೆಲಸದ ಕೂಲಿಯೂ ಹೌದು. ಗದ್ದೆ ಉಣ್ಣುವವನು ಕೆರೆಯನ್ನೂ ನೋಡಿಕೊಳ್ಳಬೇಕು.

ಹಾಗಾದರೆ ಈ ಸೀಮೆಯನ್ನು ಸೀಮೆಯನ್ನಾಗಿ ಮಾಡಿದವರು ಯಾರು? ತುಂಬೆಪಾಡಿಯಲ್ಲಿ ಯಾರು ಗೆದ್ದರು ಎನ್ನುವುದರಿಂದ ಇಲ್ಲಿಯ ತೆರಿಗೆ ಯಾರಿಗೆ ಹೋಗುತ್ತದೆ ಎಂದು ತೀರ್ಮಾನವಾಯಿತು. ಇಲ್ಲಿ ಜನ ಇರಬಹುದೇ ಎಂದು ತೀರ್ಮಾನಿಸಿದ್ದು ಕೆರೆ. ಬೆಂಗಳೂರಿನ ಪಕ್ಕದಲ್ಲಿ ದೊಡ್ಡ ನದಿ ಇಲ್ಲ. ಏರು ತಗ್ಗಿನ ಕಲ್ಲುನೆಲ. ಕಣಿವೆಗೆ ಅಡ್ಡಲಾಗಿ ಏರಿ ಹಾಕಿ ನೀರು ನಿಲ್ಲಿಸಿದ ಕಡೆ ಊರು, ನಿಲ್ಲಿಸದ ಕಡೆ ಕುರುಚಲು. ಗಂಗರು ಹೋದರು, ಚೋಳರು ಬಂದರು, ಹೊಯ್ಸಳರು ಬಂದರು. ಶಾಸನದ ಭಾಷೆ ಕನ್ನಡದಿಂದ ತಮಿಳಿಗೆ, ಮತ್ತೆ ಕನ್ನಡಕ್ಕೆ ಬದಲಾಯಿತು. ಕೆರೆ ಮಾತ್ರ ಅಲ್ಲೇ ಇತ್ತು.

ಆದರೆ ತೂಬು ‘ಇರಿಸಿದರು’, ಕೆರೆ ‘ಕಟ್ಟಿಸಿದರು’ ಎಂದಾಗ ಮಾಡಿಸಿದವರ ಹೆಸರು ಸಿಗುತ್ತದೆ, ಮಾಡಿದವರದು ಸಿಗುವುದಿಲ್ಲ. ಮಣ್ಣು ಅಗೆದವರು, ಬುಟ್ಟಿ ಹೊತ್ತವರು, ಏರಿಯ ಮಣ್ಣು ಗಟ್ಟಿಯಾಗಲೆಂದು ದನಗಳನ್ನು ಹಿಂದೆ ಮುಂದೆ ಓಡಾಡಿಸಿದವರು. ಅದೇ ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲೂ ಇದೆ. 949ರ ಆಸುಪಾಸಿನದು. ತಕ್ಕೋಲದ ಕಾಳಗದಲ್ಲಿ ಶೌರ್ಯ ತೋರಿದ ಮಣಲೆರನಿಗೆ ಏನು ಬೇಕು ಕೇಳು ಎಂದರೆ, ಅವನು ಬೂತುಗನ ಬಳಿ ಇದ್ದ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ಕಾಳಿ ಒಂದು ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಗೆ ಕಲ್ಲು ನೆಟ್ಟರು, ಹೆಸರು ಬರೆಸಿದರು, ಪೂಜೆಗೆ ಭೂಮಿ ಬಿಟ್ಟರು. ನನಗೆ ಕಾಳಿಯ ಮೇಲೆ ಏನೂ ಹೊಟ್ಟೆಕಿಚ್ಚಿಲ್ಲ; ನಾಯಿಯ ಋಣವನ್ನೂ ನೆನೆದ ಆ ಮನುಷ್ಯನ ಬಗ್ಗೆ ಪ್ರೀತಿಯೇ ಹುಟ್ಟುತ್ತದೆ. ಆದರೂ ನಾಯಿಗೆ ದಕ್ಕಿದ್ದು ಬುಟ್ಟಿ ಹೊತ್ತವಳಿಗೆ ದಕ್ಕಲಿಲ್ಲವಲ್ಲ ಎಂಬ ಮಾತು ಅಲ್ಲಿ ನಿಂತಾಗ ಬಾರದೇ ಇರುವುದಿಲ್ಲ.

ಜನಪದ ಕತೆಗಳು ಈ ಕೊರತೆಯನ್ನು ಒಂದು ಭಯಂಕರ ರೀತಿಯಲ್ಲಿ ತುಂಬಿಕೊಂಡಿವೆ. ‘ಕೆರೆಗೆ ಹಾರ’ದ ಭಾಗೀರಥಿ ಎಲ್ಲರಿಗೂ ಗೊತ್ತು. ಬೆಂಗಳೂರಿಗೆ ತನ್ನದೇ ಒಬ್ಬ ಸೊಸೆ ಇದ್ದಾಳೆ. ಕೋಟೆಯ ಬಾಗಿಲು ನಿಲ್ಲದೆ ಬೀಳುತ್ತಿದ್ದಾಗ ಕೆಂಪೇಗೌಡರ ಸೊಸೆ ಲಕ್ಷ್ಮೀದೇವಿ ತನ್ನನ್ನೇ ಬಲಿ ಕೊಟ್ಟುಕೊಂಡಳು ಎಂದು ಐತಿಹ್ಯ. ಕೋರಮಂಗಲದಲ್ಲಿ ಅವಳ ಸಮಾಧಿ ಎಂದು ತೋರಿಸುತ್ತಾರೆ. ಇವು ನಡೆದವೋ ಇಲ್ಲವೋ, ಇಂಥ ಕತೆ ಕಟ್ಟಿದ ಜನರ ಮನಸ್ಸಿನಲ್ಲಿ ಒಂದು ಅಳುಕಂತೂ ಇತ್ತು. ಏರಿಯಾಗಲಿ ಗೋಡೆಯಾಗಲಿ ಸುಮ್ಮನೆ ನಿಲ್ಲುವುದಿಲ್ಲ, ಅದರ ಕೆಳಗೆ ಯಾರೋ ಇದ್ದಾರೆ ಎಂಬ ಅಳುಕು. ನಮ್ಮ ಅಪಾರ್ಟ್‌ಮೆಂಟುಗಳ ಬಗ್ಗೆ ನಾವು ಅಂಥ ಕತೆಗಳನ್ನೂ ಕಟ್ಟಿಕೊಂಡಿಲ್ಲ.

ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡು ನಾನೊಂದು ಭಾನುವಾರ ಅಪ್ಪನ ಜೊತೆ ಮಡಿವಾಳ ಕೆರೆಯ ಕಡೆ ವಾಕಿಂಗ್ ಹೋಗಿದ್ದೆ. ಕಲ್ಲುಬೆಂಚಿನ ಮೇಲೆ ಅಪ್ಪನ ವಯಸ್ಸಿನವರೇ ಒಬ್ಬರು ಕೂತಿದ್ದರು. ತಲೆಗೆ ಟವೆಲ್ಲು, ಕೈಯಲ್ಲಿ ಕೋಲು. ಅಪ್ಪನಿಗೆ ಅಪರಿಚಿತರನ್ನು ಮಾತಾಡಿಸದೆ ಕೂತು ಗೊತ್ತಿಲ್ಲ. ಎರಡು ಮಾತು ಆಗುವಷ್ಟರಲ್ಲಿ ಎಂದಿನ ವಾಕ್ಯ ಬಂತು. ‘ನಾವು ಬಂದಾಗ ಇಲ್ಲಿ ಏನೂ ಇರಲಿಲ್ಲ ಯಜಮಾನ್ರೇ.’

ಅವರು ಸಿಟ್ಟು ಮಾಡಿಕೊಳ್ಳಲಿಲ್ಲ. ‘ನಾವಿದ್ವಲ್ಲ ಸಾಮಿ’ ಅಂದರು.

ಆಮೇಲೆ ನಿಧಾನವಾಗಿ ಹೇಳಿದರು. ‘ನಮ್ಮಪ್ಪ ನೀರ್‌ಗಂಟಿ. ತೂಬು ಎತ್ತೋದು, ಇಳ್ಸೋದು, ಯಾರ ಗದ್ದೆಗೆ ಎಷ್ಟೊತ್ತು ಬಿಡ್ಬೇಕು, ಎಲ್ಲ ಅವ್ರದೇ. ನೀರು ಕಮ್ಮಿ ಆದ್ ವರ್ಷ ಗೌಡನ ಗದ್ದೆಗೂ ಅಷ್ಟೇ, ಬಡವನ ಗದ್ದೆಗೂ ಅಷ್ಟೇ. ಸುಗ್ಗೀಲಿ ಒಬ್ಬೊಬ್ರ ಕಣದಿಂದ್ಲೂ ಒಂದಿಷ್ಟು ಕಾಳು, ಒಂದಿಷ್ಟು ಹುಲ್ಲು.’

‘ನಿಮ್ಮ ಜಮೀನು?’ ಅಪ್ಪ ಕೇಳಿದರು.

‘ಇತ್ತು. ಇನಾಮ್ತಿ. ಲೇಔಟಿಗೆ ಹೋಯ್ತು.’

‘ಪರಿಹಾರ ಬಂತಲ್ಲ?’

‘ಬಂತು. ನಾಕು ಜನ ಅಣ್ತಮ್ಮಂದ್ರು. ಇಬ್ರು ಹೆಣ್ಮಕ್ಳ ಮದ್ವೆ ಆಯ್ತು. ಮುಗೀತು.’

ಮನೆಗೆ ಬರುವ ದಾರಿಯಲ್ಲಿ ಅಪ್ಪ ಮಾತಾಡಲಿಲ್ಲ. ಗೇಟಿನ ಹತ್ತಿರ ಬಂದಾಗ, ನಾನು ಏನೂ ಕೇಳದೆ ಇದ್ದರೂ, ‘ನಾನೇನು ಕಿತ್ಕೊಂಡಿಲ್ಲ. ದುಡ್ಡು ಕೊಟ್ಟು ತಗೊಂಡಿದೀನಿ’ ಅಂದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ‘ದುಡ್ಡು ಕೊಟ್ಟಿದ್ದು ಅವರಿಗಲ್ಲವಲ್ಲ’ ಅಂದೆ. ಎರಡು ದಿನ ಮನೆಯಲ್ಲಿ ಮಾತುಕತೆ ಇರಲಿಲ್ಲ. ಅಮ್ಮ ನಡುವೆ ನಿಂತು, ‘ಇವರಿಬ್ಬರಿಗೂ ಅದ್ಯಾವ ಗಂಗರೋ ಚೋಳರೋ’ ಎಂದು ಪಾತ್ರೆಗಳ ಜೊತೆ ಮಾತಾಡುತ್ತಿದ್ದರು.

ಆ ಎರಡು ದಿನ ನಾನು ಅಪ್ಪನ ಪರವಾಗಿಯೂ ವಾದ ಮಾಡಿ ನೋಡಿದೆ. ಸಣ್ಣ ಸಂಬಳದ ಗುಮಾಸ್ತ, ಹದಿನಾರು ವರ್ಷ ಬಾಡಿಗೆ ಮನೆಯ ಯಜಮಾನರ ಮಾತು ಕೇಳಿದವರು, ಸಾಲ ಮಾಡಿ ಮೂವತ್ತು ನಲವತ್ತರ ಸೈಟು ಕೊಂಡರು. ಅವರಿಗೂ ಒಂದು ನೆಲೆ ಬೇಕಿತ್ತು. ಊರು ಎಂದರೆ ಒಬ್ಬರ ಮೇಲೊಬ್ಬರು ಬಂದು ಕೂತ ಜಾಗವೇ. ಆ ಯಜಮಾನರ ಹಿರಿಯರೂ ಎಂದೋ ಎಲ್ಲಿಂದಲೋ ಬಂದವರು. ಇನ್ನೂ ಒಂದು ಮಾತಿದೆ, ಅದನ್ನು ಮುಚ್ಚಿಡಬಾರದು. ಹಳೆಯ ಕೆರೆಯ ವ್ಯವಸ್ಥೆಯನ್ನು ಸ್ವರ್ಗ ಎಂದು ಬಣ್ಣಿಸುವುದು ಸುಲಭ. ನಮ್ಮ ಕಡೆಯ ಎಷ್ಟೋ ಊರುಗಳಲ್ಲಿ ನೀರುಗಂಟಿ ದಲಿತ ಮನೆಯವನು. ಊರಿನ ಗದ್ದೆಗೆಲ್ಲ ನೀರು ಹಂಚುವ ನ್ಯಾಯ ಅವನ ಕೈಯಲ್ಲಿ. ಅದೇ ಊರಿನ ಬಾವಿಗೆ ಅವನು ಕೊಡ ಇಳಿಸುವಂತಿರಲಿಲ್ಲ. ಯಾರ್ಕನ ಅಭಿಪ್ರಾಯ ಕೇಳಿ ಬರೆದುಕೊಂಡು, ಊರಿಗೆ ಬಂದಮೇಲೆ ಗುಲಾಮನಾಗಿಯೇ ಇಟ್ಟುಕೊಂಡರಲ್ಲ, ಅದಕ್ಕಿಂತ ಇದೇನು ಬಹಳ ಬೇರೆಯದಲ್ಲ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರಲ್ಲಿ ಕಾನೂನು ಮಾಡಿ ತೆಗೆದುಹಾಕಿದ್ದಕ್ಕೆ ಸಕಾರಣವಿತ್ತು. ಹುಟ್ಟಿನಿಂದಲೇ ಒಬ್ಬನ ಹೆಗಲಿಗೆ ಊರಿನ ಕೆರೆಯನ್ನು ಹೊರಿಸುವುದು ಸರಿಯಲ್ಲ. ಆದರೆ ಅವನ ಹೆಗಲಿನಿಂದ ಇಳಿಸಿದ ಕೆರೆಯನ್ನು ನಾವು ಯಾರ ಹೆಗಲಿಗೂ ಏರಿಸಲಿಲ್ಲ.

ಅಪ್ಪನ ‘ದುಡ್ಡು ಕೊಟ್ಟಿದೀನಿ’ ಎಂಬ ವಾದ ವೀರಗಲ್ಲಿನ ತರ್ಕದ್ದೇ. ಕೊಟ್ಟೆ, ಪಡೆದೆ, ಲೆಕ್ಕ ಮುಗಿಯಿತು. ಸೈಟಿಗೆ ಬೆಲೆ ಇದೆ, ಕ್ರಯಪತ್ರ ಇದೆ. ಆದರೆ ಆ ಸೈಟಿನಲ್ಲಿ ಬೋರು ಕೊರೆಸಿದರೆ ನೀರು ಸಿಗುತ್ತಿತ್ತು ಎನ್ನುವುದಕ್ಕೆ, ಸಾವಿರ ವರ್ಷ ಯಾರೋ ಹೂಳು ಹೊತ್ತದ್ದಕ್ಕೆ, ಕ್ರಯಪತ್ರದಲ್ಲಿ ಕಾಲಂ ಇಲ್ಲ. ನಾವು ‘ಅನ್ನ ನೀರಿನ ಋಣ’ ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಅನ್ನದ ಋಣಕ್ಕೆ ಹಾಕಿದ ಕೈ ಯಾವುದೆಂದು ಗೊತ್ತಿರುತ್ತದೆ, ತಿರುಗಿಸಿ ಕೊಡಬಹುದು. ನೀರಿನ ಋಣ ಯಾರಿಗೆ ಎಂದು ಹುಡುಕಿಕೊಂಡು ಹೋದರೆ ಅಗರದ ಆ ಮನೆಯವರೂ ಇಲ್ಲ, ಬುಟ್ಟಿ ಹೊತ್ತವಳೂ ಇಲ್ಲ. ಹಿಂದಕ್ಕೆ ಕೊಡಲು ಬರುವುದಿಲ್ಲ. ಬಿತ್ತುವಟ್ಟ ಕಂಡುಹಿಡಿದವರಿಗೆ ಇದು ಗೊತ್ತಿತ್ತು ಅನ್ನಿಸುತ್ತದೆ, ಅದಕ್ಕೇ ಅವರು ಋಣವನ್ನು ಮುಂದಿನ ಮಳೆಗಾಲಕ್ಕೆ ಕಟ್ಟಿದರು.

ನಾವು ಏನು ಕಟ್ಟಿದೆವು ಎನ್ನುವುದು ಎಲ್ಲರಿಗೂ ಕಂಡಿದೆ. ಮಡಿವಾಳ ಕೆರೆ ಕೋಡಿ ಬಿದ್ದರೆ ನೀರು ಅಗರಕ್ಕೆ, ಅಗರದಿಂದ ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಆಮೇಲೆ ದಕ್ಷಿಣ ಪಿನಾಕಿನಿಗೆ ಸೇರಿ ತಮಿಳುನಾಡಿಗೆ ಹೋಗುತ್ತದೆ. ಒಂದು ಕೆರೆಯ ಕೋಡಿ ಇನ್ನೊಂದರ ಬಾಯಿ. ಈ ಸಾಲಿನೊಳಕ್ಕೆ ನಮ್ಮ ಬಚ್ಚಲು ಬಿಟ್ಟೆವು. 2018ರ ಜನವರಿ 19ರಂದು ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿ ಆರಿಸಲು ಸೇನೆಯ ಸಾವಿರಾರು ಜನ ಬಂದರು. ಕೆರೆಗಾಗಿ ಸೈನಿಕರು ಕಾದಾಡಿದ್ದು ನಾಗತ್ತರನ ಕಾಲದಲ್ಲೂ ನಡೆದಿತ್ತೋ ಇಲ್ಲವೋ, ನಮ್ಮ ಕಾಲದಲ್ಲಿ ನಡೆಯಿತು.

ಮೂರನೆಯ ದಿನ ಸಂಜೆ ಅಪ್ಪ ತಾವಾಗಿಯೇ ಚಪ್ಪಲಿ ಮೆಟ್ಟಿಕೊಂಡು, ‘ಬರ್ತೀಯಾ?’ ಅಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಆ ಯಜಮಾನರು ಅದೇ ಬೆಂಚಿನ ಮೇಲಿದ್ದರು. ಅಪ್ಪ ಪಕ್ಕದಲ್ಲಿ ಕೂತು, ಸ್ವಲ್ಪ ಹೊತ್ತು ಮಂಡಿ ನೋವಿನ ವಿಷಯ ಮಾತಾಡಿ, ಆಮೇಲೆ ಕೇಳಿದರು. ‘ತೂಬು ಎಲ್ಲಿತ್ತು?’

ಅವರು ಕೋಲು ಎತ್ತಿ ರಸ್ತೆಯ ಕಡೆ ತೋರಿಸಿದರು. ‘ಅಗೋ, ಆ ಹಳ್ದಿ ಸ್ಕೂಲ್ ವ್ಯಾನ್ ನಿಂತದಲ್ಲ, ಅದ್ರ ಕೆಳ್ಗೆ. ಅಲ್ಲಿಂದ ಕಾಲುವೆ ಹಿಂಗೆ ಸುತ್ತಾಕ್ಕೊಂಡು ಹೋಗದು.’ ಕೋಲು ಗಾಳಿಯಲ್ಲಿ ಬೇಕರಿಯನ್ನು, ಪಿಜಿಯನ್ನು, ಮೊಬೈಲ್ ಅಂಗಡಿಯನ್ನು ದಾಟಿ ನಮ್ಮ ಅಡ್ಡರಸ್ತೆಯ ಕಡೆ ತಿರುಗಿತು. ಅಪ್ಪ ಎದ್ದು ನಿಂತು ಆ ಗೆರೆಯನ್ನೇ ನೋಡಿದರು. ಬೆರಳಲ್ಲಿ ಏನೋ ಎಣಿಸಿದರು, ರಸ್ತೆಗಳನ್ನು ಇರಬೇಕು.

‘ಹಾಗಾದ್ರೆ ನಮ್ಮ ಈಶಾನ್ಯದ ಮೂಲೆ...’

‘ಯಾವ್ ಕ್ರಾಸು?’

ಅಪ್ಪ ಹೇಳಿದರು. ಯಜಮಾನರು ನಕ್ಕರು. ‘ಅಲ್ಲೇ ಸಾಮಿ. ಮುಚ್ಚಿದ್ರೂ ನೀರಿಗೆ ದಾರಿ ಮರ್ತೋಗತ್ತಾ?’

ಅಪ್ಪ ಮತ್ತೆ ಕೂತರು. ‘ಒಂದು ಲಾರಿ ಕ�ಲ್ಲು ಹೆಚ್ಚಿಗೆ ಹಾಕಿಸ್ದೆ ಅದಕ್ಕೆ’ ಅಂದರು, ಈ ಸಲ ದನಿ ಏರಿಸದೆ. ಆಮೇಲೆ ಕೇಳಿದರು, ‘ಎಷ್ಟು ಅಗಲ ಇತ್ತು ಕಾಲುವೆ?’

ಅವರು ಕೋಲನ್ನು ಬೆಂಚಿಗೆ ಒರಗಿಸಿ, ಎರಡೂ ಕೈ ಚಾಚಿ ತೋರಿಸಿದರು.